ಹದಿನೆಂಟು ಬಾಗಿಲುಗಳ ನಾಡು

ಬಂಗಾಳ ಮತ್ತು ಅಸ್ಸಾಮುಗಳ ಬಯಲು ಮುಗಿದು ಹಿಮಾಲಯದ ಮೊದಲ ಬೆಟ್ಟಗಳು ಏಳುವ ಎಡೆಯಲ್ಲಿ ಉದ್ದನೆಯದೊಂದು ಕಾಡುಪಟ್ಟಿ ಇದೆ. ಅದಕ್ಕೆ ‘ದುವಾರ್’ ಎಂದು ಹೆಸರು. ನಮ್ಮ ‘ದ್ವಾರ’ವೇ ಅಲ್ಲಿಯವರ ಬಾಯಲ್ಲಿ ಹೀಗಾಗಿದೆ. ಬೆಟ್ಟದ ನೀರು ಬಯಲಿಗೆ ಇಳಿಯುವ ಕಣಿವೆಗಳೇ ಜನ ಹತ್ತಿಳಿಯುವ ದಾರಿಗಳೂ ಆಗಿದ್ದುದರಿಂದ ಈ ಹೆಸರು ಬಂದಿತು. ಬಂಗಾಳದ ಕಡೆಗೆ ಹನ್ನೊಂದು, ಅಸ್ಸಾಮಿನ ಕಡೆಗೆ ಏಳು, ಒಟ್ಟು ಹದಿನೆಂಟು ಬಾಗಿಲುಗಳನ್ನು ಹಿಂದಿನವರು ಎಣಿಸುತ್ತಿದ್ದರು. ಈ ಬಾಗಿಲುಗಳ ಒಳಗಿನ ಮನೆ ಭೂತಾನ.

ಇಂದು ಭೂತಾನಕ್ಕೆ ಪ್ರವಾಸ ಹೋಗುವವರು ಬಹಳ ಮಂದಿ. ಮಾರ್ಗದರ್ಶಿಯೊಬ್ಬನು ಮುಂದೆ, ಕ್ಯಾಮೆರಾ ಹಿಡಿದ ಯಾತ್ರಿಕರು ಹಿಂದೆ, ಮಠದಿಂದ ಮಠಕ್ಕೆ, ಕಣಿವೆಯಿಂದ ಕಣಿವೆಗೆ ನಡೆಯುತ್ತಾರೆ. ಇದು ಹೊಸಕಾಲದ ವ್ಯಾಪಾರವೆಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ಆ ನಾಡಿನ ಚರಿತ್ರೆಯನ್ನು ಬಲ್ಲವರಿಗೆ ಇದರಲ್ಲಿ ಹಳೆಯದೊಂದು ಪದ್ಧತಿ ಕಾಣುತ್ತದೆ. ಕಳೆದ ನಾಲ್ಕು ಶತಮಾನಗಳಲ್ಲಿ ಹೊರಗಿನವನು ಅಲ್ಲಿ ತನ್ನ ಇಚ್ಛೆಯಂತೆ ಒಬ್ಬನೇ ಅಲೆದಾಡಿದ್ದು ಅಪರೂಪ. ಯಾರೋ ಕರೆದೊಯ್ದಿದ್ದಾರೆ, ಯಾರೋ ತಡೆದು ನಿಲ್ಲಿಸಿದ್ದಾರೆ. ಯಾರನ್ನು, ಯಾವ ದಾರಿಯಲ್ಲಿ, ಯಾವ ಷರತ್ತಿನ ಮೇಲೆ ಒಳಗೆ ಬಿಡಬೇಕೆಂಬುದನ್ನು ಮನೆಯವರೇ ನಿರ್ಣಯಿಸುತ್ತ ಬಂದಿದ್ದಾರೆ. ಆ ನಿರ್ಣಯ ಅವರ ಕೈತಪ್ಪಿದ ಸಂದರ್ಭಗಳೂ ಉಂಟು.

ಭೂತಾನವನ್ನು ಒಂದು ರಾಜ್ಯವನ್ನಾಗಿ ಕಟ್ಟಿದವನು ಙವಾಂಗ್ ನಮ್‌ಗ್ಯಾಲ್ ಎಂಬ ಗುರು. ಅವನಿಗೆ ‘ಶಬ್‌ದ್ರುಂಗ್’ ಎಂಬ ಬಿರುದು. ಅವನೂ ಹೊರಗಿನಿಂದ ಬಂದವನೇ. ಟಿಬೆಟ್ಟಿನ ರಾಲುಂಗ್ ಮಠದ ಪೀಠಕ್ಕೆ ಎದ್ದ ವ್ಯಾಜ್ಯದಲ್ಲಿ ನೆಲೆ ತಪ್ಪಿ 1616ರಲ್ಲಿ ದಕ್ಷಿಣಕ್ಕೆ ಬಂದನು. ಕಣಿವೆ ಕಣಿವೆಗೂ ‘ಜೋಂಗ್’ ಎಂಬ ಕೋಟೆಮಠಗಳನ್ನು ಎಬ್ಬಿಸಿದನು. ಒಂದೇ ಗೋಡೆಯೊಳಗೆ ಅರ್ಧ ಕಚೇರಿ, ಅರ್ಧ ವಿಹಾರ. ಇದು ಜೋಂಗಿನ ಲಕ್ಷಣ. ಎರಡು ನದಿಗಳು ಕೂಡುವಲ್ಲಿ ನಿಂತ ಪುನಾಖದ ಜೋಂಗನ್ನು 1637ರಲ್ಲಿ ಆರಂಭಿಸಿದವನೂ ಅವನೇ.

ಈ ಗುರುವನ್ನು ಕಾಣಲು 1627ರಲ್ಲಿ ಇಬ್ಬರು ಪೋರ್ತುಗೀಜ್ ಜೆಸ್ವಿಟ್ ಪಾದ್ರಿಗಳು ಬೆಟ್ಟ ಹತ್ತಿದರು: ಎಸ್ತೆವಾಂ ಕಸೆಲ್ಲ ಮತ್ತು ಜುವಾಂ ಕಬ್ರಾಲ್. ಭೂತಾನವನ್ನು ಕಂಡ ಮೊದಲ ಯುರೋಪಿಯನ್ನರೆಂದು ಚರಿತ್ರೆ ಗುರುತಿಸುವುದು ಇವರನ್ನೇ. ಕೂಚ್ ಬಿಹಾರದ ಮಾರ್ಗವಾಗಿ ಬಂದ ಇವರನ್ನು ಶಬ್‌ದ್ರುಂಗನು ಥಿಂಫು ಕಣಿವೆಯ ತುದಿಯಲ್ಲಿರುವ ಚೇರಿ ಮಠದಲ್ಲಿ ಬರಮಾಡಿಕೊಂಡನು. ಗುರುವಿಗೆ ಆಗ 33 ವರ್ಷ. ಬಂದವರ ಮತ ಬೇರೆ, ಉದ್ದೇಶವೂ ಬೇರೆ. ಆದರೂ ಇಳಿದುಕೊಳ್ಳಲು ಎಡೆ ಕೊಟ್ಟನು, ಅವರ ಪೂಜೆಗೂ ಎಡೆ ಕೊಟ್ಟನು. ಕೊಡದಿದ್ದುದು ಒಂದೇ, ಮುಂದಕ್ಕೆ ಹೋಗಲು ಸುಲಭವಾದ ಅಪ್ಪಣೆ. ಪಾದ್ರಿಗಳ ಮನಸ್ಸು ಟಿಬೆಟ್ಟಿನ ಕಡೆಗಿತ್ತು. ಟಿಬೆಟ್ಟಿನ ಅಧಿಪತಿಗಳಾದರೋ ಗುರುವಿನ ವೈರಿಗಳು. ಕಡೆಗೆ ಅವರು ಶಿಗಾತ್ಸೆಗೆ ಹೊರಟೇ ಹೋದರು. ಅತಿಥಿಗೆ ಸತ್ಕಾರವೂ ಉಂಟು, ಕಟ್ಟುಪಾಡೂ ಉಂಟು ಎಂಬ ಭೂತಾನದ ರೀತಿ ಈ ಮೊದಲ ಭೇಟಿಯಲ್ಲಿಯೇ ಸ್ಪಷ್ಟವಾಗಿದೆ.

ಸುಮಾರು ನೂರೈವತ್ತು ವರ್ಷಗಳ ಮೇಲೆ ಕಂಪೆನಿ ಸರಕಾರದ ಕಣ್ಣು ಬೆಟ್ಟದ ಕಡೆ ಹೊರಳಿತು. ಕೂಚ್ ಬಿಹಾರದ ವಿಷಯದಲ್ಲಿ ಭೂತಾನೀಯರಿಗೂ ಕಂಪೆನಿಗೂ ಯುದ್ಧವಾಗಿ, ಟಿಬೆಟ್ಟಿನ ಪಂಚೆನ್ ಲಾಮಾ ಸಂಧಾನದ ಪತ್ರ ಕಳುಹಿಸಿದನು. ಆ ಪತ್ರವನ್ನು ಕಲ್ಕತ್ತೆಗೆ ತಂದವರಲ್ಲಿ ಪೂರಣಗಿರಿ ಎಂಬ ಹಿಂದೂ ಗೋಸಾಯಿಯೊಬ್ಬನಿದ್ದನು. ಕಾವಿ ಬಟ್ಟೆ, ಯಾತ್ರೆಯ ನೆಪ, ಜೊತೆಗೆ ವ್ಯಾಪಾರ. ಹಿಮಾಲಯದ ಆಚೆ ಈಚೆ ಓಡಾಡುತ್ತಿದ್ದ ಗೋಸಾಯಿಗಳ ಕ್ರಮವೇ ಅದು. 1774ರಲ್ಲಿ ವಾರನ್ ಹೇಸ್ಟಿಂಗ್ಸನು ಜಾರ್ಜ್ ಬೋಗಲ್ ಎಂಬ ತರುಣನನ್ನು ರಾಯಭಾರಕ್ಕೆ ಕಳುಹಿಸಿದಾಗ ದಾರಿ ತೋರಿಸಿದವನು ಇದೇ ಪೂರಣಗಿರಿ. ಬೋಗಲ್‌ನನ್ನು ಥಿಂಫುವಿನ ಅರಮನೆಯಲ್ಲಿ ತಿಂಗಳುಗಟ್ಟಲೆ ನಿಲ್ಲಿಸಿದರು. ಆಗ ಪೂರಣಗಿರಿಯೇ ಮುಂದಾಗಿ ಟಿಬೆಟ್ಟಿಗೆ ಹೋಗಿ ಮಾತಾಡಿ ಅಪ್ಪಣೆ ತಂದನು. ಚರಿತ್ರೆಯ ಪುಸ್ತಕಗಳಲ್ಲಿ ಬೋಗಲ್‌ನಿಗೆ ಅಧ್ಯಾಯವಿದೆ, ಗೋಸಾಯಿಗೆ ಒಂದೆರಡು ಸಾಲು. ಮಾರ್ಗದರ್ಶಿಗಳ ಹಣೆಬರಹ ಎಲ್ಲ ಕಾಲಕ್ಕೂ ಹೀಗೆಯೇ ಇರಬೇಕು.

ತಂಗಿದಲ್ಲೆಲ್ಲ ಆಲೂಗಡ್ಡೆ ನೆಡಬೇಕೆಂದು ಹೇಸ್ಟಿಂಗ್ಸನು ಬೋಗಲ್‌ನಿಗೆ ಹೇಳಿದ್ದನು. ಅವನು ಹಾಗೆಯೇ ನೆಡುತ್ತ ಹೋದನು. ಇಂದು ಆಲೂಗಡ್ಡೆಯು ಭೂತಾನದ ಮುಖ್ಯವಾದ ಹಣದ ಬೆಳೆಗಳಲ್ಲಿ ಒಂದು. ಅದನ್ನು ಗಿಣ್ಣಿನೊಡನೆ ಬೇಯಿಸಿದ ‘ಕೆವಾ ದಾಚಿ’ ಮನೆಮನೆಯ ಅಡುಗೆ. ಬೋಗಲ್‌ನು ಗಮನಿಸಿದ ಇನ್ನೊಂದು ಸಂಗತಿಯನ್ನೂ ಮರೆಯಬಾರದು. ಅವನ ಮೂಟೆಗಳನ್ನು ಊರಿಂದೂರಿಗೆ ಅಲ್ಲಲ್ಲಿಯ ರೈತರು, ಗಂಡಸು ಹೆಂಗಸು ಎನ್ನದೆ, ಕೂಲಿಯಿಲ್ಲದೆ ಹೊತ್ತರು. ನಮ್ಮ ಶಾಸನಗಳಲ್ಲಿ ಬರುವ ‘ಬಿಟ್ಟಿ’ ಇದೇ. ಸರಕಾರದ ಅತಿಥಿ ಬಂದನೆಂದರೆ ಊರಿನವರ ಬೆನ್ನು ಬಾಗಬೇಕು. ಈ ಬೆಟ್ಟದ ದಾರಿಗಳ ಸೊಗಸನ್ನು ಹಾಡುವವರು ಈ ಬೆನ್ನುಗಳನ್ನೂ ನೆನೆಯಬೇಕಾಗುತ್ತದೆ.

1783ರಲ್ಲಿ ಸ್ಯಾಮ್ಯುಅಲ್ ಟರ್ನರ್ ಬಂದಾಗ ಅವನೊಡನೆ ಸ್ಯಾಮ್ಯುಅಲ್ ಡೇವಿಸ್ ಎಂಬ ಚಿತ್ರಕಾರನೂ ಇದ್ದನು. ಡೇವಿಸನಿಗೆ ಟಿಬೆಟ್ಟಿಗೆ ಹೋಗಲು ಅಪ್ಪಣೆ ಸಿಗಲಿಲ್ಲ. ಅದರಿಂದ ನಮಗೆ ಲಾಭವೇ ಆಯಿತು. ಅವನು ಭೂತಾನದಲ್ಲಿಯೇ ಉಳಿದು ಜೋಂಗುಗಳನ್ನೂ ಸೇತುವೆಗಳನ್ನೂ ಚಿತ್ರಿಸಿದನು. ಹೊರಗಿನವರು ಬರೆದ ಆ ನಾಡಿನ ಮೊದಲ ಚಿತ್ರಗಳು ಅವು.

ಮನೆಯವರು ಬೇಡವೆಂದರೂ ಒಳನುಗ್ಗಿದವನ ಕಥೆ ಬೇರೆ. 1864ರಲ್ಲಿ ಆಶ್ಲಿ ಈಡನ್ ಡಾರ್ಜಿಲಿಂಗಿನಿಂದ ಹೊರಟನು. ದಾರಿಯುದ್ದಕ್ಕೂ ಅಧಿಕಾರಿಗಳು ಹಿಂದಿರುಗೆಂದರು. ಆಳುಗಳು ಬಿಟ್ಟು ಓಡಿದರು. ಆದರೂ ಹಿಮದ ಕಣಿವೆಗಳನ್ನು ದಾಟಿ ಪುನಾಖ ಸೇರಿದನು. ಅಲ್ಲಿ ತುಂಬಿದ ಸಭೆಯಲ್ಲಿ ತನ್ನ ಮುಖಕ್ಕೆ ಹಸಿಹಿಟ್ಟು ಮೆತ್ತಿ ಕೂದಲು ಜಗ್ಗಿದರೆಂದು ಅವನೇ ಬರೆದಿದ್ದಾನೆ. ಬಲವಂತದ ಪತ್ರವೊಂದಕ್ಕೆ ರುಜು ಹಾಕಿ ರಾತ್ರೋರಾತ್ರಿ ತಪ್ಪಿಸಿಕೊಂಡು ಬಂದನು. ಅಪಮಾನದ ಬೆಲೆಯನ್ನು ಭೂತಾನ ಬಹಳ ದುಬಾರಿಯಾಗಿ ತೆತ್ತಿತು. ಅದೇ ವರ್ಷ ಯುದ್ಧ ಮೊದಲಾಯಿತು. ಅಸ್ಸಾಮಿನ ಏಳು ಬಾಗಿಲುಗಳನ್ನು ಇಂಗ್ಲಿಷರು 1841ರಲ್ಲಿಯೇ ವಶಪಡಿಸಿಕೊಂಡಿದ್ದರು. 1865ರ ಸಿಂಚುಲಾ ಒಪ್ಪಂದದಲ್ಲಿ ಉಳಿದವೂ ಹೋದುವು. ಪ್ರತಿಯಾಗಿ ದೊರೆತದ್ದು ವರ್ಷಕ್ಕೆ 50,000 ರೂಪಾಯಿ. ಬತ್ತ ಬೆಳೆಯುವ ಬಯಲೆಲ್ಲ ಹೊರಗುಳಿಯಿತು; ಮನೆ ಉಳಿಯಿತು, ಬಾಗಿಲುಗಳು ಪರರ ಪಾಲಾದುವು. ಇದಾದ ಮೇಲೆ ಭೂತಾನವು ಹೊರಗಿನವರ ವಿಷಯದಲ್ಲಿ ಇನ್ನಷ್ಟು ಎಚ್ಚರವಾದುದರಲ್ಲಿ ಆಶ್ಚರ್ಯವೇನಿದೆ? 1907ರಲ್ಲಿ ಉಗ್ಯೆನ್ ವಾಂಗ್‌ಚುಕ್ ಮೊದಲ ದೊರೆಯಾಗಿ ವಂಶಪಾರಂಪರ್ಯದ ಅರಸೊತ್ತಿಗೆ ಸ್ಥಾಪನೆಯಾಯಿತು. ಆಮೇಲೂ ಅರ್ಧ ಶತಮಾನ ಕಾಲ ಅಲ್ಲಿಗೆ ಹೋದ ಪರದೇಶೀಯರು ಅತಿ ವಿರಳ.

1958ರ ಸೆಪ್ಟೆಂಬರಿನಲ್ಲಿ ಜವಾಹರಲಾಲ ನೆಹರೂ ಮಗಳು ಇಂದಿರೆಯೊಡನೆ ಭೂತಾನಕ್ಕೆ ಹೋದರು. ಭಾರತದ ಪ್ರಧಾನಿಗೂ ಆಗ ಮೋಟಾರು ರಸ್ತೆ ಇರಲಿಲ್ಲ. ಸಿಕ್ಕಿಮಿನಿಂದ ನಾಥು ಲಾ ಕಣಿವೆ ದಾಟಿ, ಟಿಬೆಟ್ಟಿನ ಚುಂಬಿ ಕಣಿವೆಯಲ್ಲಿ ಹಾಯ್ದು, ಕುದುರೆಯ ಮೇಲೂ ಕಾಲ್ನಡಿಗೆಯಲ್ಲೂ ದಿನಗಟ್ಟಲೆ ಸಾಗಿ ಪಾರೋ ಮುಟ್ಟಿದರು. ನೆಹರೂ ಅವರಿಗೆ ಆಗ 68 ವರ್ಷ. ಭೂತಾನದ ಸ್ವಾತಂತ್ರ್ಯವನ್ನು ಭಾರತ ಗೌರವಿಸುವುದೆಂದು ಪಾರೋದಲ್ಲಿ ಅವರು ಮಾತು ಕೊಟ್ಟರು. ಮರುವರ್ಷವೇ ಟಿಬೆಟ್ಟಿನಲ್ಲಿ ಕೋಲಾಹಲ ಎದ್ದಿತು. ಚುಂಬಿಯ ದಾರಿ ಮುಚ್ಚಿತು. ಭೂತಾನ ಉತ್ತರದ ಬಾಗಿಲನ್ನು ಹಾಕಿ ದಕ್ಷಿಣದ ಬಾಗಿಲನ್ನು ತೆರೆಯಿತು. 1962ರ ಹೊತ್ತಿಗೆ ಗಡಿಯ ಫುಂಟ್‌ಶೋಲಿಂಗಿನಿಂದ ಒಳನಾಡಿಗೆ ಮೋಟಾರು ಹೋಗುವಂತಾಯಿತು. ಐದಾರು ದಿನದ ನಡಿಗೆ ಒಂದು ಹಗಲಿನ ಪ್ರಯಾಣವಾಯಿತು. ಮೂರನೆಯ ದೊರೆ ಜಿಗ್ಮೆ ದೊರ್ಜಿ ವಾಂಗ್‌ಚುಕ್ ಜೀತವನ್ನು ತೆಗೆದುಹಾಕಿದ್ದೂ ಈ ಕಾಲದಲ್ಲಿಯೇ.

ಪ್ರವಾಸಿಗಳ ಕಥೆ ಶುರುವಾಗುವುದು 1974ರಲ್ಲಿ. ನಾಲ್ಕನೆಯ ದೊರೆಯ ಪಟ್ಟಾಭಿಷೇಕಕ್ಕೆ ಬರುವ ಪರದೇಶದ ಅತಿಥಿಗಳಿಗಾಗಿ ಹೋಟೆಲುಗಳನ್ನು ಕಟ್ಟಿದರು. ಉತ್ಸವ ಮುಗಿದ ಮೇಲೆ ಆ ಕೋಣೆಗಳಿಗೆ ಹಣ ಕೊಟ್ಟು ನೋಡುವವರನ್ನು ಕರೆದರು. ಆ ವರ್ಷ ಬಂದವರು 287 ಮಂದಿ. ಬರುವವರು ಕಡಿಮೆಯಿರಲಿ, ಕೊಡುವ ಹಣ ಹೆಚ್ಚಿರಲಿ ಎಂಬುದು ಅಂದು ಹಾಕಿಕೊಂಡ ಸೂತ್ರ. ದಿನವೊಂದಕ್ಕೆ ಇಷ್ಟು ಡಾಲರೆಂದು ಸರಕಾರವೇ ದರ ಗೊತ್ತುಮಾಡಿತು. ಊಟ, ವಸತಿ, ವಾಹನ, ಮಾರ್ಗದರ್ಶಿ ಎಲ್ಲವೂ ಅದರೊಳಗೆ. ಭಾರತೀಯರಿಗೆ ಈ ನಿಯಮ ಇರಲಿಲ್ಲ. 2019ರಲ್ಲಿ ಬಂದವರ ಸಂಖ್ಯೆ 3 ಲಕ್ಷ 15 ಸಾವಿರ ಮೀರಿತ್ತು. ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಮಂದಿ ನಮ್ಮವರೇ. 2020ರಲ್ಲಿ ನಮ್ಮವರಿಗೂ ರಾತ್ರಿಗೆ 1,200 ರೂಪಾಯಿ ಶುಲ್ಕ ವಿಧಿಸಿದರು. ಮಹಾಮಾರಿಯ ಬಳಿಕ 2022ರಲ್ಲಿ ಹಳೆಯ ದಿನದರವನ್ನು ತೆಗೆದು, ಇತರ ದೇಶದವರಿಗೆ ರಾತ್ರಿಗೆ 200 ಡಾಲರ್ ಶುಲ್ಕವನ್ನು ಗೊತ್ತುಮಾಡಿದರು. ಜನ ಬರದಾಗಲು ಮರುವರ್ಷ ಅದನ್ನು 100ಕ್ಕೆ ಇಳಿಸಿದರು.

ಇಷ್ಟು ತೆತ್ತು ಹೋದವನು ಕಾಣುವುದೇನು? ಪಾರೋ ಕಣಿವೆಯ ತಕ್‌ಸಾಂಗ್ ಮಠವನ್ನೇ ನೋಡಬಹುದು. ಪದ್ಮಸಂಭವ ಗುರುವು ಹೆಣ್ಣುಹುಲಿಯ ಬೆನ್ನೇರಿ ಹಾರಿಬಂದು ತಪಸ್ಸು ಮಾಡಿದನೆಂದು ಹೇಳುವ ಗವಿ ಅಲ್ಲಿದೆ. ಗವಿಯ ಸುತ್ತ 1692ರಲ್ಲಿ ಮಠ ಎದ್ದಿತು. ಕಣಿವೆಯ ತಳದಿಂದ ಸುಮಾರು ಮೂರು ಸಾವಿರ ಅಡಿ ಎತ್ತರದ ಕಡಿಬಂಡೆ. ಕೆಳಗಿನಿಂದ ನೋಡಿದರೆ ಗೋಡೆಗೆ ಗೂಡು ಕಟ್ಟಿದಂತಿದೆ. ದೇವದಾರುಗಳ ನಡುವೆ ಎರಡು ಮೂರು ಗಂಟೆ ಏರಬೇಕು. ಮಠ ಇನ್ನೇನು ಕೈಗೆ ಸಿಕ್ಕಿತು ಎನ್ನುವಾಗ ದಾರಿ ಕಮರಿಗೆ ಇಳಿದು, ಜಲಪಾತದ ಬುಡ ದಾಟಿ, ಮತ್ತೆ ಮೆಟ್ಟಿಲೇರುತ್ತದೆ. ಕ್ಯಾಮೆರಾ ಬಾಗಿಲಲ್ಲಿ ಬಿಟ್ಟು ಒಳಗೆ ಹೋಗಬೇಕು. 1998ರಲ್ಲಿ ಈ ಮಠ ಬೆಂಕಿಗೆ ಆಹುತಿಯಾಯಿತು; ಮತ್ತೆ ಹಿಂದಿನಂತೆಯೇ ಕಟ್ಟಿದರು. ದಾರಿಯಲ್ಲಿ ಸಿಗುವ ಸ್ತೂಪಗಳನ್ನು ಬಲಗೊಂಡು ಹೋಗುವುದು ಅಲ್ಲಿಯ ಕ್ರಮ. ಅದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇದೇ ಪದ್ಮಸಂಭವನ ದೊಡ್ಡ ವಿಗ್ರಹವನ್ನು ಬೈಲುಕುಪ್ಪೆಯ ನಮ್‌ಡ್ರೋಲಿಂಗ್ ವಿಹಾರದಲ್ಲಿ ಕನ್ನಡಿಗರು ಕಂಡಿದ್ದಾರೆ. ಆ ವಿಹಾರದಲ್ಲಿ ಓದುವ ಭಿಕ್ಷುಗಳಲ್ಲಿ ಭೂತಾನದವರೂ ಇದ್ದಾರೆ.

ಎಲ್ಲಿಯವರೆಗೆ ನಡೆಯಬಹುದು ಎಂಬುದಕ್ಕೂ ಒಂದು ಗೆರೆಯಿದೆ. 1994ರಲ್ಲಿ 6,000 ಮೀಟರಿಗಿಂತ ಎತ್ತರದ ಶಿಖರಗಳನ್ನು ಏರುವುದನ್ನು ನಿಷೇಧಿಸಿದರು. 2003ರಲ್ಲಿ ಪರ್ವತಾರೋಹಣವನ್ನೇ ನಿಲ್ಲಿಸಿದರು. ಶಿಖರಗಳು ದೇವರ ನೆಲೆ ಎಂಬುದು ಜನರ ನಂಬಿಕೆ. 7,570 ಮೀಟರ್ ಎತ್ತರದ ಗಾಂಗ್‌ಖರ್ ಪುಯೆನ್ಸುಮ್ ಇಂದಿಗೂ ಯಾರ ಕಾಲೂ ಸೋಂಕದೆ ನಿಂತಿದೆ. ಇದಕ್ಕೆ ಪ್ರತಿಯಾಗಿ ಹಳೆಯ ಕಾಲುದಾರಿಯನ್ನು ಬಿಡಿಸಿಕೊಟ್ಟಿದ್ದಾರೆ. ಪಶ್ಚಿಮದ ಹಾ ಊರಿನಿಂದ ಪೂರ್ವದ ತ್ರಾಶಿಗಾಂಗಿನವರೆಗೆ ಅಂಚೆಯ ಓಟಗಾರರೂ ಭಿಕ್ಷುಗಳೂ ಹೇರುಗುದುರೆಗಳೂ ತುಳಿದ ದಾರಿ ಮೋಟಾರು ಬಂದ ಮೇಲೆ ಕಾಡು ಪಾಲಾಗಿತ್ತು. 403 ಕಿಲೋಮೀಟರಿನ ಆ ದಾರಿಯನ್ನು ಸವರಿ, ಮೆಟ್ಟಿಲೂ ಸೇತುವೆಯೂ ಕಟ್ಟಿ, 2022ರಲ್ಲಿ ನಡೆಯುವವರಿಗೆ ತೆರೆದರು.

ಇಷ್ಟನ್ನು ಹೇಳಿ ಕೈಮುಗಿದರೆ ಲೇಖನ ಪ್ರವಾಸೋದ್ಯಮದ ಪ್ರಕಟಣೆಯಾದೀತು. ಬಾಗಿಲು ಕಾಯುವ ಕೈ ಒಳಗಿನವರ ಮೇಲೂ ಬೀಳಬಹುದು. ದಕ್ಷಿಣದ ಬೆಟ್ಟಸಾಲಿನಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ನೇಪಾಳಿ ಮಾತಾಡುವ ರೈತರು ನೆಲೆಸಿದ್ದರು. 1985ರ ಪೌರತ್ವದ ಕಾಯಿದೆ, 1988ರ ಜನಗಣತಿ, ಅನಂತರದ ಉಡುಪಿನ ಕಟ್ಟಳೆ, ಇವುಗಳ ಫಲವಾಗಿ ಚಳವಳಿ ಎದ್ದು, 1990ರಿಂದಾಚೆಗೆ ಅವರಲ್ಲಿ ಬಹುಮಂದಿ ನಾಡು ಬಿಡಬೇಕಾಯಿತು. ನೇಪಾಳದ ಪೂರ್ವಭಾಗದ ಶಿಬಿರಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಹದಿನೈದು ವರ್ಷಕ್ಕೂ ಮೀರಿ ಕಾದರು. 2007ರಿಂದ ಹೆಚ್ಚಿನವರು ಅಮೆರಿಕ ಮೊದಲಾದ ದೇಶಗಳಿಗೆ ಹೋಗಿ ನೆಲೆಸಿದರು. ಪರದೇಶದ ಯಾತ್ರಿಕನನ್ನು ಎಣಿಸಿ ಎಣಿಸಿ ಒಳಗೆ ಬಿಡುತ್ತಿದ್ದ ಕಾಲದಲ್ಲಿಯೇ ನಾಡಿನ ಒಕ್ಕಲು ಇಷ್ಟು ಸಂಖ್ಯೆಯಲ್ಲಿ ಹೊರಗಾಯಿತು. ಜನರ ಸುಖವನ್ನೇ ರಾಜ್ಯದ ಅಳತೆಗೋಲೆಂದು ಜಗತ್ತಿಗೆ ಸಾರಿದ ನಾಡು ಈ ಲೆಕ್ಕವನ್ನು ಹೇಗೆ ಬರೆದುಕೊಳ್ಳುತ್ತದೆ? ಈಚಿನ ವರ್ಷಗಳಲ್ಲಿ ಸಾವಿರಾರು ತರುಣರು ಓದು, ಸಂಬಳಗಳನ್ನು ಹುಡುಕಿಕೊಂಡು ತಾವಾಗಿಯೇ ಆಸ್ಟ್ರೇಲಿಯಕ್ಕೆ ಹೋಗುತ್ತಿದ್ದಾರೆ.

ಆದರೂ ಮೂಲದ ಪ್ರಶ್ನೆಯಲ್ಲಿ ಭೂತಾನೀಯರ ಕಡೆ ನ್ಯಾಯವಿದೆಯೆಂದೇ ನಮ್ಮ ಅಭಿಪ್ರಾಯ. ಬಾಗಿಲು ಕಳೆದುಕೊಂಡರೆ ಏನಾಗುವುದೆಂದು 1865 ಅವರಿಗೆ ಕಲಿಸಿತು. ಎಲ್ಲವನ್ನೂ ಎಲ್ಲರಿಗೂ ಬಿಟ್ಟುಕೊಟ್ಟ ಗಿರಿಧಾಮಗಳ ಪಾಡನ್ನು ನಾವು ನಮ್ಮ ನಾಡಿನಲ್ಲಿಯೇ ನೋಡುತ್ತಿದ್ದೇವೆ. ಶುಲ್ಕದ ಮೊತ್ತವನ್ನು ಕುರಿತು ವಾದಿಸಬಹುದು. ಶುಲ್ಕ ಕೇಳುವ ಹಕ್ಕು ಮನೆಯವರದು. ದೇಶ ಸುತ್ತಬೇಕು, ಕೋಶ ಓದಬೇಕು ಎನ್ನುತ್ತಾರೆ ನಮ್ಮವರು. ಭೂತಾನ ಸುತ್ತಲು ಹೊರಡುವವರು ಅದಕ್ಕೆ ಮೊದಲು ಅದರ ಚರಿತ್ರೆಯನ್ನು ಓದಿಕೊಂಡರೆ, ಮುಂದೆ ನಡೆಯುವ ಮಾರ್ಗದರ್ಶಿಯನ್ನು ಬರಿಯ ಜಾಗ ತೋರಿಸುವ ಆಳೆಂದು ಎಣಿಸಲಾರರು. ಅವನು ಪೂರಣಗಿರಿಯ ಕೆಲಸವನ್ನು ಮಾಡುತ್ತಿದ್ದಾನೆ. ಹೇರು ಹೊತ್ತವನಿಗೆ ಈಗ ಕೂಲಿಯೂ ಸಿಗುತ್ತಿದೆ.