ಕ್ವಾಂಟಮ್

ಲ್ಯಾಟಿನ್ನಿನಲ್ಲಿ ‘ಕ್ವಾಂಟಮ್’ ಎಂದರೆ ‘ಎಷ್ಟು’. ಸೂಕ್ಷ್ಮ, ವಿಚಿತ್ರ ಎಂಬ ಅರ್ಥಗಳು ಮೂಲದಲ್ಲಿ ಇಲ್ಲವೇ ಇಲ್ಲ. 1900ರ ಡಿಸೆಂಬರಿನಲ್ಲಿ ಮ್ಯಾಕ್ಸ್ ಪ್ಲ್ಯಾಂಕ್ ಬರ್ಲಿನ್ನಿನಲ್ಲಿ, ಕಾದ ವಸ್ತು ಸೂಸುವ ವಿಕಿರಣವನ್ನು ವಿವರಿಸಲು ಶಕ್ತಿಯನ್ನು ಕಂತು ಕಂತಾಗಿ ಎಣಿಸಿದರು. ಆವರ್ತನವನ್ನು ಒಂದು ಸ್ಥಿರಾಂಕದಿಂದ ಗುಣಿಸಿದರೆ ಬರುವುದೇ ಒಂದು ಕಂತು. ಬೆಳಕೇ ಇಂಥ ಕ್ವಾಂಟಮ್‌ಗಳಿಂದಾದುದು ಎಂದು 1905ರಲ್ಲಿ ಐನ್‌ಸ್ಟೈನ್ ವಾದಿಸಿದರು. 1924ರಲ್ಲಿ ಮ್ಯಾಕ್ಸ್ ಬಾರ್ನ್ ತಮ್ಮ ಪ್ರಬಂಧದ ತಲೆಬರಹದಲ್ಲೇ ‘ಕ್ವಾಂಟಮ್ ಮೆಕ್ಯಾನಿಕ್ಸ್’ ಎಂದು ಬರೆದರು.

‘ಎಷ್ಟು’ ಎಂಬ ಆ ಹಳೆಯ ಪ್ರಶ್ನೆಯೇ ಹೊಸಬರಿಗೆ ಒಳ್ಳೆಯ ಬಾಗಿಲು. ತಳಸ್ಥಿತಿಯಲ್ಲಿರುವ ಹೈಡ್ರೋಜನ್ ಪರಮಾಣು ಎರಡನೆಯ ಮಟ್ಟಕ್ಕೇರಲು 10.2 ಎಲೆಕ್ಟ್ರಾನ್ ವೋಲ್ಟ್ ಬೇಕು. 9 ಎಲೆಕ್ಟ್ರಾನ್ ವೋಲ್ಟಿನ ಫೋಟಾನು, ಅಂದರೆ ಬೆಳಕಿನ ಒಂದು ಕಂತು, ಬಂದರೆ ಪರಮಾಣು ಅದನ್ನು ಹೀರಿಕೊಳ್ಳುವುದಿಲ್ಲ. ಉಳಿದದ್ದನ್ನು ಆಮೇಲೆ ಕೊಡುತ್ತೇನೆ ಎಂಬ ಸಾಲದ ಲೆಕ್ಕ ಅಲ್ಲಿ ನಡೆಯದು. ಹಾಗಾದರೆ ಎಲ್ಲ ಶಕ್ತಿಯೂ ಮೆಟ್ಟಿಲು ಮೆಟ್ಟಿಲಾಗಿಯೇ ಇರಬೇಕಲ್ಲ, ಆದರೆ ಬಂಧನವಿಲ್ಲದ ಎಲೆಕ್ಟ್ರಾನಿಗೆ ಯಾವ ಶಕ್ತಿಯಾದರೂ ಇರಬಹುದಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಮೆಟ್ಟಿಲುಗಳು ಹುಟ್ಟುವುದು ಎಲೆಕ್ಟ್ರಾನ್ ಬಂಧನದಲ್ಲಿದ್ದಾಗ: ಎಲೆಕ್ಟ್ರಾನ್ ಅಲೆಯಾಗಿಯೂ ವರ್ತಿಸುತ್ತದೆ, ಆ ಅಲೆ ಪರಮಾಣುವಿನೊಳಗೆ ಕೆಲವೇ ರೂಪಗಳಲ್ಲಿ ನೆಲೆಯಾಗಬಲ್ಲದು. ಅಂದರೆ ಸಿದ್ಧಾಂತದ ಬೇರು ಅಲೆಯಲ್ಲಿದೆ, ಹೆಸರು ಬಂದದ್ದು ಅದರ ಮೊದಲ ಫಲದಿಂದ. ಹೆಸರು ಅಪೂರ್ಣ, ತಪ್ಪಲ್ಲ. ಇನ್ನು ಭಾಷಣಗಳ ‘ಕ್ವಾಂಟಮ್ ಜಿಗಿತ’ವೆಂದರೆ ಭಾರೀ ಪ್ರಗತಿ. ನಡುವೆ ನಿಲ್ದಾಣವಿಲ್ಲದ ನೆಗೆತ ಎಂಬರ್ಥದಲ್ಲಿ ಅದನ್ನು ಒಪ್ಪಬಹುದು, ಗಾತ್ರದ ಅರ್ಥದಲ್ಲಿ ಅಲ್ಲ. ಆವರ್ತನವನ್ನು ಗುಣಿಸುವ ಆ ಪ್ಲ್ಯಾಂಕ್ ಸ್ಥಿರಾಂಕದ ಬೆಲೆಯನ್ನು ಜೌಲ್-ಸೆಕೆಂಡುಗಳಲ್ಲಿ ಬರೆದರೆ, ದಶಮಾಂಶ ಬಿಂದುವಿನ ನಂತರ 33 ಸೊನ್ನೆಗಳಾದ ಮೇಲೆ ಮೊದಲ 6 ಬರುತ್ತದೆ.