ಸಮ್ಮೇಳನದ ಪಂಕ್ತಿಯಲ್ಲಿ ಯಾರ ಪಕ್ಕ ಯಾರು?

ಯಾವುದೇ ಸಮ್ಮೇಳನ ಮುಗಿಸಿ ಊರಿಗೆ ಮರಳಿದವರನ್ನು ಕೇಳಿ ನೋಡಿ. ಅಧ್ಯಕ್ಷರ ಭಾಷಣದಲ್ಲಿ ಏನಿತ್ತು ಎಂದರೆ ತಡವರಿಸುತ್ತಾರೆ. ಊಟ ಹೇಗಿತ್ತು ಎಂದರೆ ಸಾರಿಗೆ ಉಪ್ಪು ಕಡಿಮೆ ಬಿದ್ದದ್ದನ್ನೂ ಬಿಡದೆ ವರದಿ ಒಪ್ಪಿಸುತ್ತಾರೆ. ಇದನ್ನು ನಗೆಯ ಮಾತಾಗಿ ಆಡುವುದುಂಟು. ಆದರೆ ನೂರು ವರ್ಷಗಳ ಹಿಂದೆ ಸಮ್ಮೇಳನ ಕರೆಯುತ್ತಿದ್ದ ಊರಿನವರಿಗೆ ಊಟ ನಗೆಯ ವಿಷಯವಾಗಿರಲಿಲ್ಲ. ದೇಶವೆಲ್ಲ ಒಂದು ಎಂದು ವೇದಿಕೆಯ ಮೇಲೆ ಹೇಳಿ ಚಪ್ಪಾಳೆ ಗಿಟ್ಟಿಸಬಹುದಿತ್ತು. ಚಪ್ಪಾಳೆ ತಟ್ಟಿದವರನ್ನೇ ಒಂದು ಸಾಲಿನಲ್ಲಿ ಕೂರಿಸಿ ಅನ್ನ ಬಡಿಸುವುದು ಬೇರೆಯೇ ಕೆಲಸವಾಗಿತ್ತು.

ಕಾರಣ ಎಲ್ಲರಿಗೂ ಗೊತ್ತಿರುವುದೇ. ಅಕ್ಕಿ, ಬೇಳೆ, ತರಕಾರಿಗಳಿಗೆ ಅಷ್ಟಾಗಿ ಮೈಲಿಗೆ ಇಲ್ಲ; ನೀರು ಸೇರಿ ಬೆಂದ ಅನ್ನಕ್ಕೆ ಇದೆ. ಆದ್ದರಿಂದಲೇ ಪರಊರಿನ ಅತಿಥಿಗೆ ಅನ್ನದ ಬದಲು ಪಡಿ ಕೊಡುವ ಪದ್ಧತಿ. ಒಲೆ, ಸೌದೆ, ಪಾತ್ರೆ ಕೊಟ್ಟರೆ ಆತ ತನ್ನ ಅಡುಗೆ ತಾನು ಮಾಡಿಕೊಳ್ಳುತ್ತಾನೆ. ಹತ್ತು ಜನರಿಗಾದರೆ ಇದು ನಡೆದೀತು. ರೈಲು ಬಂದು, ಮದರಾಸಿನಿಂದಲೂ ಲಾಹೋರಿನಿಂದಲೂ ಪ್ರತಿನಿಧಿಗಳು ಒಂದೇ ಚಪ್ಪರಕ್ಕೆ ಬಂದಿಳಿಯತೊಡಗಿದಾಗ ಸ್ವಾಗತ ಸಮಿತಿಗಳು ಕಂಗಾಲಾದವು.

ಊಟ ಹಾಗಿರಲಿ, ಚಹಾ ಕೂಡ ಸುಲಭವಾಗಿರಲಿಲ್ಲ. 1890ರ ಅಕ್ಟೋಬರ್‌ನಲ್ಲಿ ಪುಣೆಯ ಪಂಚಹೌದ ಮಿಷನ್ನಿನಲ್ಲಿ ಒಂದು ಸಭೆ ನಡೆಯಿತು. ಮುಗಿದ ಮೇಲೆ ಪಾದ್ರಿಗಳು ಚಹಾ, ಬಿಸ್ಕತ್ತು ಕೊಟ್ಟರು. ಬಂದಿದ್ದವರಲ್ಲಿ ರಾನಡೆಯವರೂ ಇದ್ದರು, ತಿಲಕರೂ ಇದ್ದರು. ಕೆಲವರು ಕುಡಿದರು, ಕೆಲವರು ಮರ್ಯಾದೆಗೆಂದು ಕಪ್ಪು ಮುಟ್ಟಿ ಇಟ್ಟರು. ಅಲ್ಲಿದ್ದವರ ಹೆಸರು ಪತ್ರಿಕೆಯಲ್ಲಿ ಅಚ್ಚಾದದ್ದೇ ತಡ, ದೂರು ಶಂಕರಾಚಾರ್ಯರ ಪೀಠದವರೆಗೆ ಹೋಗಿ ವಿಚಾರಣೆಯೇ ನಡೆಯಿತು. ಸಮಾಜ ಸುಧಾರಣೆಯ ಮುಂದಾಳು ಎನಿಸಿದ್ದ ರಾನಡೆಯವರೇ 1892ರಲ್ಲಿ ಪ್ರಾಯಶ್ಚಿತ್ತ ಮಾಡಿಕೊಂಡರು. ಒಂದು ಲೋಟ ಚಹಾಕ್ಕೆ ತೆತ್ತ ಬೆಲೆ ಇದು.

ಕಾಂಗ್ರೆಸ್ಸಿನ ಸಮಾಧಾನ ಬೇರೆ ಬಗೆಯದಾಗಿತ್ತು. ಯಾರ ನಿಯಮವನ್ನೂ ಮುರಿಯದೆ ಎಲ್ಲರಿಗೂ ಪ್ರತ್ಯೇಕ ಏರ್ಪಾಡು ಮಾಡಿಕೊಡುವುದು. ಅದು ಎಲ್ಲಿಗೆ ಮುಟ್ಟಿತೆಂಬುದನ್ನು 1901ರ ಕಲ್ಕತ್ತಾ ಅಧಿವೇಶನದಲ್ಲಿ ಗಾಂಧೀಜಿ ಕಂಡರು. ಆಗಷ್ಟೇ ದಕ್ಷಿಣ ಆಫ್ರಿಕದಿಂದ ಬಂದಿದ್ದ ಅವರಿಗೆ ರಿಪನ್ ಕಾಲೇಜಿನಲ್ಲಿ ಬಿಡಾರ. ಅಲ್ಲಿ ತಮಿಳು ಪ್ರತಿನಿಧಿಗಳಿಗೆಂದೇ ದೂರದಲ್ಲಿ ಒಂದು ಅಡುಗೆಮನೆ. ಊಟ ಮಾಡುವಾಗ ಅನ್ಯರ ದೃಷ್ಟಿಯೂ ಬೀಳಬಾರದೆಂದು ಸುತ್ತ ಹೆಣೆದ ತಟ್ಟಿಯ ಗೋಡೆ. ಅಡುಗೆ, ಊಟ, ಕೈತೊಳೆಯುವುದು ಎಲ್ಲ ಅದರೊಳಗೇ. ಹೊಗೆ ಹೋಗಲು ದಾರಿಯಿಲ್ಲ. ಪ್ರತಿನಿಧಿಗಳ ನಡುವೆಯೇ ಹೀಗಾದರೆ ಅವರನ್ನು ಕಳಿಸಿದ ಜನರ ನಡುವೆ ಹೇಗಿರಬೇಡ ಎಂದು ಅವರಿಗೆ ಅನ್ನಿಸಿದ್ದನ್ನು ಆತ್ಮಕಥೆಯಲ್ಲಿ ಬರೆದಿದ್ದಾರೆ. ಅದೇ ಅಧಿವೇಶನದಲ್ಲಿ ಕಕ್ಕಸುಗಳು ನಾರುತ್ತಿದ್ದವು. ಅದು ನಮ್ಮ ಕೆಲಸವಲ್ಲ ಎಂದರು ಸ್ವಯಂಸೇವಕರು. ಗಾಂಧೀಜಿ ಪೊರಕೆ ಕೇಳಿ ಪಡೆದು ತಾವೇ ತೊಳೆದರು. ತಟ್ಟಿಯೊಳಗಿನ ಊಟ, ಪೊರಕೆ ಮುಟ್ಟದ ಕೈ, ಇವೆರಡೂ ಒಂದೇ ರೋಗದ ಲಕ್ಷಣಗಳು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಬೇಕೆಂದೇ ಪಂಕ್ತಿಯನ್ನು ಬೆರೆಸಿದವರೂ ಇದ್ದರು. 1912ರ ನವೆಂಬರ್‌ನಲ್ಲಿ ಮುಂಬೈಯಲ್ಲಿ ಆರ್ಯನ್ ಬ್ರದರ್‌ಹುಡ್ ಎಂಬ ಸಂಸ್ಥೆ ಸಮ್ಮೇಳನ ನಡೆಸಿತು. ಅಧ್ಯಕ್ಷರು ನಮ್ಮ ಹೊನ್ನಾವರದಲ್ಲಿ ಹುಟ್ಟಿದ ಸರ್ ನಾರಾಯಣ ಚಂದಾವರ್ಕರ್. ಜಾತಿ ಹೋಗಬೇಕೆಂಬ ಭಾಷಣಗಳಾದ ಮೇಲೆ ಬೇರೆ ಬೇರೆ ಜಾತಿಯವರು ಕೂಡಿ ಕೂತು ಉಂಡರು. ಭಾಷಣ ಕೇಳಿ ಸುಮ್ಮನಿದ್ದ ಜಾತಿ ಪಂಚಾಯಿತಿಗಳು ಊಟದ ಸುದ್ದಿ ಕೇಳಿ ಎದ್ದು ನಿಂತವು. ಉಂಡವರಲ್ಲಿ ಹಲವರಿಗೆ ಬಹಿಷ್ಕಾರದ ಬಿಸಿ ತಟ್ಟಿತು. ಮಾತಿಗಿಂತ ತುತ್ತು ಅಪಾಯಕಾರಿ ಎಂಬ ಲೆಕ್ಕ ಪಂಚಾಯಿತಿಗಳಿಗೆ ಚೆನ್ನಾಗಿಯೇ ತಿಳಿದಿತ್ತು.

ಈ ಹಿನ್ನೆಲೆಯಲ್ಲಿ ಬೆಳಗಾವಿಯನ್ನು ನೋಡಬೇಕು. 1924ರ ಡಿಸೆಂಬರ್ 26 ಮತ್ತು 27ರಂದು ಅಲ್ಲಿ ನಡೆದದ್ದು ಗಾಂಧೀಜಿ ಅಧ್ಯಕ್ಷತೆ ವಹಿಸಿದ ಒಂದೇ ಒಂದು ಕಾಂಗ್ರೆಸ್ ಅಧಿವೇಶನ. ಕರ್ನಾಟಕ ಎಂಬ ಪ್ರಾಂತವಿನ್ನೂ ನಕಾಶೆಯಲ್ಲಿ ಇರಲಿಲ್ಲ. ಹರಿದು ಹಂಚಿಹೋಗಿದ್ದ ನಾಡು ಮೊದಲ ಸಲ ದೇಶವನ್ನೇ ಮನೆಗೆ ಕರೆದಿತ್ತು ಎನ್ನಬಹುದು. ಗಂಗಾಧರರಾವ್ ದೇಶಪಾಂಡೆಯವರ ಮುಂದಾಳತ್ವದಲ್ಲಿ ಟಿಳಕವಾಡಿಯ ಬಯಲಿನಲ್ಲಿ ಬಿಡಾರಗಳೆದ್ದವು. ಅದಕ್ಕೆ ವಿಜಯನಗರ ಎಂದು ಹೆಸರು. ಬಾಗಿಲಿಗೆ ಹಂಪೆಯ ವಿರೂಪಾಕ್ಷ ಗೋಪುರದ ಪ್ರತಿಕೃತಿ. ಬಡವನ ಮನೆಯ ಮದುವೆಯಲ್ಲಿ ಚಪ್ಪರ ಜೋರು ಎಂಬಂತೆ ಕಂಡರೂ ಆ ಹೆಮ್ಮೆ ಅರ್ಥವಾಗುವಂಥದ್ದೇ.

ಸಾವಿರಾರು ಎಲೆ ಹಾಕಿಸಬೇಕೆಂದರೆ ಮೊದಲ ಚಿಂತೆ ಅಕ್ಕಿಯದಲ್ಲ, ನೀರಿನದು. ಅಡುಗೆಗೆ ಹಿಡಿಯುವ ನೀರಿಗಿಂತ ಪಾತ್ರೆ ತೊಳೆಯಲು, ಕೈಕಾಲು ತೊಳೆಯಲು, ಉಂಡ ನೆಲ ಸಾರಿಸಲು ಹೋಗುವ ನೀರೇ ಹೆಚ್ಚು. ಆ ಬಯಲಿನಲ್ಲಿ ನೀರಿನ ಅನುಕೂಲ ಇರಲಿಲ್ಲ. 4,370 ರೂಪಾಯಿ 3 ಆಣೆ ಖರ್ಚಿನಲ್ಲಿ ದೊಡ್ಡ ಬಾವಿಯನ್ನೇ ತೋಡಿಸಿದರು. ಅದಕ್ಕೂ ಹಂಪೆಯ ನೆನಪಿನ ಹೆಸರು, ಪಂಪಾ ಸರೋವರ. ಊರವರ ಬಾಯಲ್ಲಿ ಅದು ಕಾಂಗ್ರೆಸ್ ಬಾವಿಯಾಗಿ ಇಂದಿಗೂ ಉಳಿದಿದೆ. ಒಟ್ಟು ಖರ್ಚು ಸುಮಾರು 2 ಲಕ್ಷ 20 ಸಾವಿರ ರೂಪಾಯಿ. ಲೆಕ್ಕ ಮುಗಿದಾಗ ಕೈಯಲ್ಲಿ 773 ರೂಪಾಯಿ ಉಳಿದಿತ್ತಂತೆ. ಸಮ್ಮೇಳನ ಮಾಡಿ ಸಾಲ ಹೊತ್ತ ಸಮಿತಿಗಳ ಕಥೆ ಕೇಳಿದವರಿಗೆ ಇದೊಂದು ಪವಾಡ.

ಶಿಸ್ತಿನ ಹೊಣೆ ಡಾ. ನಾ.ಸು. ಹರ್ಡೀಕರರ ಸೇವಾದಳದ್ದು. ಅದು ಹುಟ್ಟಿ ಒಂದು ವರ್ಷವಾಗಿತ್ತಷ್ಟೆ. ನೈರ್ಮಲ್ಯದ ಹೊಣೆ ಕಾಕಾ ಕಾಲೇಲ್ಕರರದು. ಕಲ್ಕತ್ತಾದಲ್ಲಿ ಯಾರೂ ಮುಟ್ಟದ ಪೊರಕೆಯನ್ನು ಇಲ್ಲಿ ಬ್ರಾಹ್ಮಣ ತರುಣರೂ ಹಿಡಿದರು. ಇಪ್ಪತ್ತಮೂರು ವರ್ಷಗಳಲ್ಲಿ ಆದ ಬದಲಾವಣೆ ಸಣ್ಣದಲ್ಲ.

ಆದರೆ ಆ ಬದಲಾವಣೆ ಎಷ್ಟು ಆಳಕ್ಕೆ ಇಳಿದಿತ್ತು? ಇದಕ್ಕೆ ಉತ್ತರ ಭಾಷಣಗಳ ಸಂಪುಟದಲ್ಲಿ ಸಿಗುವುದಿಲ್ಲ. ಆ ಅಧಿವೇಶನದಲ್ಲಿ ಸ್ವಾಗತಗೀತೆ ಹಾಡಿದ ಹುಡುಗಿಯರಲ್ಲಿ ಧಾರವಾಡದ ಹನ್ನೊಂದು ವರ್ಷದ ಬಾಲೆಯೊಬ್ಬಳಿದ್ದಳು. ಮುಂದೆ ಗಂಗೂಬಾಯಿ ಹಾನಗಲ್ ಎಂದು ದೇಶವೇ ತಲೆಬಾಗಿದ ಗಾಯಕಿ. ಮೇಲ್ಜಾತಿಯವರ ಕೇರಿಯಲ್ಲಿ ಬೆಳೆದರೂ ಅವರ ಮನೆಯೊಳಗೆ ಕಾಲಿಡುವಂತಿರಲಿಲ್ಲ. ಗಾಂಧೀಜಿಯ ಮುಂದೆ ಹಾಡಿದ ಆ ದಿನದ ಬಗ್ಗೆ ಅವರು ಮುಂದೆ ನೆನೆದದ್ದು ಹಾಡನ್ನಲ್ಲ, ಒಂದು ಅಳುಕನ್ನು. ಊಟವಾದ ಮೇಲೆ ಉಂಡ ಜಾಗ ಬಳಿದು ಸ್ವಚ್ಛ ಮಾಡು ಎಂದು ತನಗೆ ಹೇಳಿಬಿಟ್ಟರೆ ಎಂಬ ಅಳುಕು. ಗೆಳತಿಯರೆಲ್ಲ ಎಲೆ ಬಿಟ್ಟು ಎದ್ದು ಹೋಗುವಾಗ ತಾನೊಬ್ಬಳೇ ಹಿಂದೆ ಉಳಿಯಬೇಕಾದೀತು ಎಂಬ ಭಯ ಹನ್ನೊಂದು ವರ್ಷದ ಮಗುವಿಗೆ ಎಲ್ಲಿಂದ ಬಂತು ಎಂದು ಯಾರೂ ಅವರನ್ನು ಕೇಳಬೇಕಾಗಿರಲಿಲ್ಲ.

ಗಾಂಧೀಜಿಯನ್ನೂ ಇಲ್ಲಿ ಪೂರ್ತಿ ಹೊರಗಿಡುವಂತಿಲ್ಲ. ಅಸ್ಪೃಶ್ಯತೆ ಇರುವವರೆಗೆ ಸ್ವರಾಜ್ಯವಿಲ್ಲ ಎನ್ನುತ್ತಿದ್ದ ಅವರೇ ಸಹಭೋಜನ ಅದರ ಭಾಗವಲ್ಲ ಎಂದೂ ಆ ವರ್ಷಗಳಲ್ಲಿ ಹೇಳುತ್ತಿದ್ದರು. 1921ರ ಲೇಖನವೊಂದರಲ್ಲಂತೂ ಸಹಭೋಜನದ ನಿಷೇಧವನ್ನು ಸಂಯಮದ ಸಾಧನವೆಂಬಂತೆ ಸಮರ್ಥಿಸಿದ್ದಾರೆ. ಈ ನಿಲುವು ಸಡಿಲವಾಗಲು ಮೂವತ್ತರ ದಶಕ ಬರಬೇಕಾಯಿತು. ಕಕ್ಕಸು ತೊಳೆದವರು ಪಂಕ್ತಿಯ ಮುಂದೆ ತಡೆದು ನಿಂತದ್ದೇಕೆ? ಅದು ದೌರ್ಬಲ್ಯವೋ, ಸನಾತನಿಗಳನ್ನು ಜೊತೆಗಿಟ್ಟುಕೊಳ್ಳುವ ತಂತ್ರವೋ ಎಂದು ಇಂದಿಗೂ ಚರ್ಚೆಯಿದೆ. ತಂತ್ರವೇ ಇದ್ದರೂ ಅದರ ಬೆಲೆ ತೆತ್ತವರು ಸನಾತನಿಗಳಲ್ಲ ಎನ್ನುವುದು ಈ ಲೇಖಕನ ಅಭಿಪ್ರಾಯ.

ಇಂದು ಪಂಕ್ತಿಯಲ್ಲಿ ಪಕ್ಕದವರು ಯಾರೆಂದು ಸಮ್ಮೇಳನದಲ್ಲಿ ಯಾರೂ ಕೇಳುವುದಿಲ್ಲ. ಟೋಕನ್ ಹಿಡಿದು ಸರದಿಯಲ್ಲಿ ನಿಂತವರಿಗೆ ಅದಕ್ಕೆ ಪುರುಸೊತ್ತೂ ಇಲ್ಲ. ಜಗಳ ಸಾಲಿನಿಂದ ತಟ್ಟೆಗೆ ಇಳಿದಿದೆ. 2024ರ ಡಿಸೆಂಬರ್‌ನಲ್ಲಿ, ಬೆಳಗಾವಿ ಅಧಿವೇಶನಕ್ಕೆ ನೂರು ತುಂಬಿದ ತಿಂಗಳಲ್ಲೇ, ಮಂಡ್ಯದ 87ನೆಯ ಸಾಹಿತ್ಯ ಸಮ್ಮೇಳನದ ಮಳಿಗೆಗಳ ನಿಯಮದಲ್ಲಿ ಮದ್ಯ ಮತ್ತು ತಂಬಾಕಿನ ಸಾಲಿಗೆ ಮಾಂಸಾಹಾರವನ್ನೂ ಸೇರಿಸಲಾಗಿತ್ತು. ಬಾಡೂಟವೇ ಹಬ್ಬವಾಗಿರುವ ಜಿಲ್ಲೆಯಲ್ಲಿ ಇದು ಸುಮ್ಮನೆ ಹೋಗುವಂತಿರಲಿಲ್ಲ. ನಮ್ಮ ಊಟ ಹೆಂಡದ ಸಮಕ್ಕೆ ಬಂತೇ ಎಂದು ಜನ ಕೇಳಿದರು. ಸಮ್ಮೇಳನದಲ್ಲಿ ಬಾಡೂಟ ಬಡಿಸಿ ಎಂಬ ಕೂಗೆದ್ದಿತು. ಮೂರು ದಿನದ ಗೋಷ್ಠಿಗಳ ಪೈಕಿ ಯಾವುದೂ ಇಷ್ಟು ಸುದ್ದಿಯಾಗಲಿಲ್ಲ.

ಎಲೆಯ ಜಾಗಕ್ಕೆ ಈಗ ತಟ್ಟೆ ಬಂದಿದೆ. ಉಂಡವರು ತಾವೇ ಎತ್ತಿ ಡಬ್ಬಕ್ಕೆ ಹಾಕುತ್ತಾರೆ. ಸಂಜೆ ಆ ಡಬ್ಬಗಳನ್ನು ಹೊರುವವರು ಪೌರಕಾರ್ಮಿಕರು.