ಚೀಲದ ಮೇಲೆ ಬರೆಯದ ಲೋಹ

ಸೂಪರ್ ಫಾಸ್ಫೇಟ್ ನಮಗೆ ಹೊಸದಲ್ಲ. ದೇಶದ ಮೊದಲ ಕಾರ್ಖಾನೆ 1906ರಲ್ಲಿ ರಾಣಿಪೇಟೆಯಲ್ಲಿ ಶುರುವಾಯಿತು. 1917ರಲ್ಲಿ ನಂಜನಾಡಿನಲ್ಲೇ ಸರ್ಕಾರದ ಆಲೂಗಡ್ಡೆ ಫಾರಂ ಬಂತು. ಬೆಟ್ಟದ ಹುಳಿಮಣ್ಣು ರಂಜಕವನ್ನು ಬಿಗಿಹಿಡಿದು ಬೆಳೆಗೆ ಸುಲಭವಾಗಿ ಬಿಡೋದಿಲ್ಲ. ಅದಕ್ಕೇ ಚೀಲದ ಮೇಲೆ ಚೀಲ ಸುರಿಯುತ್ತೇವೆ.

ಗೊಬ್ಬರಕ್ಕೆ ಅರೆಯುವ ಕಲ್ಲಿನಲ್ಲಿ ಕ್ಯಾಡ್ಮಿಯಂ ಅನ್ನೋ ಲೋಹವೂ ಇರುತ್ತೆ, ಒಂದು ಗಣಿಯದರಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಮ್ಮಿ. ವಿಚಿತ್ರ ನೋಡಿ, ರಂಜಕವನ್ನು ಕಟ್ಟಿಹಾಕುವ ಅದೇ ಹುಳಿಮಣ್ಣು ಈ ಲೋಹವನ್ನು ಸಡಿಲ ಬಿಡುತ್ತೆ. ಗೆಡ್ಡೆ ಅದನ್ನು ಹೀರುತ್ತೆ. ವರ್ಷಗಟ್ಟಲೆ ಮೈಯಲ್ಲಿ ಸೇರಿದರೆ ಮೂತ್ರಪಿಂಡಕ್ಕೆ ಪೆಟ್ಟು.

ಯುರೋಪ್ ಒಕ್ಕೂಟ 2022ರಿಂದ ಒಂದು ಕೆ.ಜಿ. ರಂಜಕದ ಪೆಂಟಾಕ್ಸೈಡಿಗೆ 60 ಮಿಲಿಗ್ರಾಂ ಎಂದು ಮಿತಿ ಹಾಕಿದೆ. ನಮ್ಮ 1985ರ ರಸಗೊಬ್ಬರ ನಿಯಂತ್ರಣ ಆದೇಶದಲ್ಲಿ ಪಟ್ಟಣದ ಕಸದ ಕಾಂಪೋಸ್ಟಿಗೆ ಕೆ.ಜಿ.ಗೆ 5 ಮಿಲಿಗ್ರಾಂ ಮಿತಿ ಉಂಟು. ಸೂಪರ್ ಫಾಸ್ಫೇಟ್ ಚೀಲವನ್ನು ಮಾತ್ರ ರಂಜಕವೆಷ್ಟು, ತೇವವೆಷ್ಟು, ಆಮ್ಲವೆಷ್ಟು ಅಂತ ಕೇಳಿ ಬಿಟ್ಟುಬಿಡುತ್ತಾರೆ.